ಪತ್ತನಾಜೆಗೆ ಮೊದಲು ಚಟ್ಟಿಗಳ ಲೆಕ್ಕ

ಚಟ್ಟಿಯಲ್ಲಿ ಸೊಪ್ಪು ಬೆಳೆಸುವ ಬಗ್ಗೆ ಕನ್ನಡದಲ್ಲಿ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬೆಂಗಳೂರಿನ ತಾರಸಿಯನ್ನು ಮನಸ್ಸಿನಲ್ಲಿಟ್ಟು ಹೇಳಿದವು. ಅಲ್ಲಿ ವರ್ಷವಿಡೀ ಬೀಳುವ ಮಳೆ 1000 ಮಿಲಿಮೀಟರಿನ ಆಸುಪಾಸು. ಕಾಸರಗೋಡಿನಲ್ಲಿ ಅದು 3500ರ ಹತ್ತಿರ, ಅದರಲ್ಲೂ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಅಕ್ಟೋಬರ್-ನವೆಂಬರಿನ ತುಲಾ ಮಾಸದ ಗುಡುಗು ಮಳೆ ಮುಗಿಯಿತೆಂದರೆ ಏಪ್ರಿಲ್‌ವರೆಗೆ ಆಕಾಶ ನೋಡಿ ಪ್ರಯೋಜನವಿಲ್ಲ. ಇಲ್ಲಿ ಫ್ಲ್ಯಾಟಿನ ಬಾಲ್ಕನಿಯಲ್ಲೋ ಐದು ಸೆಂಟ್ಸಿನ ಮನೆಯ ತಾರಸಿಯಲ್ಲೋ ಚಟ್ಟಿ ಇಡುವವರು ಒಂದೇ ಚಟ್ಟಿಯಿಂದ ಎರಡು ಕೆಲಸ ಕೇಳುತ್ತಿರುತ್ತಾರೆ: ನಾಲ್ಕು ತಿಂಗಳು ನೀರು ಹೊರಹಾಕಬೇಕು, ಐದು ತಿಂಗಳು ನೀರು ಹಿಡಿದಿಡಬೇಕು. ಯಾವ ಗಿಡ, ಎಂಥ ಚಟ್ಟಿ ಎಂಬ ಪ್ರಶ್ನೆಗಳೆಲ್ಲ ಇದರ ನಂತರದವು.

ಆದರೂ ನರ್ಸರಿಗೆ ಹೋಗುವ ಮೊದಲು ಅಡುಗೆಮನೆಯ ಲೆಕ್ಕವೊಂದನ್ನು ಮಾಡಿಕೊಳ್ಳುವುದು ಒಳ್ಳೆಯದು. ನಾಲ್ಕು ಜನರ ತಂಬುಳಿಗೆ ದೊಡ್ಡಪತ್ರೆಯಾದರೆ ಹನ್ನೆರಡು-ಹದಿನೈದು ಎಲೆ ಸಾಕು. ಒಂದು ಚಟ್ಟಿ ಚೆನ್ನಾಗಿ ಬೆಳೆದಿದ್ದರೆ ವಾರವೂ ಅಷ್ಟು ಕೊಡುತ್ತದೆ. ಒಂದೆಲಗದ ಕತೆ ಬೇರೆ. ತಂಬುಳಿಗೆ ಬೇರುಸಮೇತ ಒಂದು ಹಿಡಿ ಬೇಕು, ಅಂದರೆ ಕನಿಷ್ಠ ನಲವತ್ತು ಎಲೆ. ಒಂದು ಟ್ರೇಯಿಂದ ಅಷ್ಟು ಕಿತ್ತರೆ ಅದು ಮತ್ತೆ ತುಂಬಿಕೊಳ್ಳಲು ಮೂರು ನಾಲ್ಕು ವಾರ ಹಿಡಿಯುತ್ತದೆ. ವಾರಕ್ಕೊಂದು ಸಲ ಒಂದೆಲಗ ತಿನ್ನುವ ಮನೆಗೆ ನಾಲ್ಕು ಟ್ರೇ ಬೇಕು, ಒಂದಲ್ಲ. ಕರಿಬೇವಿನದ್ದು ಇನ್ನೂ ಕಷ್ಟ. ದಿನಕ್ಕೆರಡು ಎಸಳು ಒಗ್ಗರಣೆಗೆ ಹಾಕುವ ಮನೆಯ ಖರ್ಚನ್ನು ಚಟ್ಟಿಯ ಒಂದು ಗಿಡ ಯಾವತ್ತೂ ತುಂಬಿಸದು, ವಾರಕ್ಕೆ ಮೂರು ನಾಲ್ಕು ಎಸಳು ಸಿಕ್ಕಿದರೆ ದೊಡ್ಡದು. ಪೇಟೆಯ ಕರಿಬೇವಿನಲ್ಲಿ ಕೀಟನಾಶಕದ ಶೇಷ ಕಂಡುಬರುವುದು ಕೇರಳ ಕೃಷಿ ವಿಶ್ವವಿದ್ಯಾಲಯದ ವೆಳ್ಳಾಯಣಿ ಪ್ರಯೋಗಾಲಯದ ತಪಾಸಣೆಗಳಿಂದ ಎಲ್ಲರಿಗೂ ಗೊತ್ತಾದ ವಿಷಯ. ಆದ್ದರಿಂದ ಗಿಡ ಇಟ್ಟುಕೊಳ್ಳುವುದೇ ಸರಿ, ಆದರೆ ಎರಡು ಗಿಡ ಇಡಿ, ಪಕ್ಕದ ಮನೆಯ ಮರದೊಂದಿಗೂ ಸಂಬಂಧ ಕೆಡಿಸಿಕೊಳ್ಳಬೇಡಿ.

ಈಗ ಜಾಗ. ಬಾಲ್ಕನಿ ಯಾವ ದಿಕ್ಕಿಗಿದೆ ಎಂದು ನೋಡಿ ‘ದಕ್ಷಿಣ ಒಳ್ಳೆಯದು, ಉತ್ತರ ಬೇಡ’ ಎನ್ನುವ ಸಲಹೆ ನಮ್ಮ ಅಕ್ಷಾಂಶಕ್ಕೆ ಅರ್ಧ ಮಾತ್ರ ಹೊಂದುತ್ತದೆ. ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮೂರನೇ ವಾರದವರೆಗೆ ಉತ್ತರದ ಕಡೆಗೇ ಇರುತ್ತಾನೆ. ದಕ್ಷಿಣದ ಬಾಲ್ಕನಿಗೆ ಆ ನಾಲ್ಕು ತಿಂಗಳು ನೇರ ಬಿಸಿಲು ಇಲ್ಲವೆಂದೇ ಹೇಳಬೇಕು, ಮೇಲಿನಿಂದ ಮಳೆಗಾಲದ ಮೋಡ ಬೇರೆ. ಅದೇ ಬಾಲ್ಕನಿಗೆ ಡಿಸೆಂಬರಿನಲ್ಲಿ ಬಿಸಿಲು ಒಳಗೋಡೆ ಮುಟ್ಟುತ್ತದೆ. ಮಾರ್ಚ್ ಕೊನೆಗೆ ಕಂಬಿಯಿಂದ ಎರಡಡಿಯೊಳಗೆ ನಿಲ್ಲುತ್ತದೆ. ಉತ್ತರದ ಬಾಲ್ಕನಿಗೆ ಮೇ-ಜುಲೈನಲ್ಲಿ ಬೆಳಿಗ್ಗೆ, ಸಂಜೆಯ ಓರೆ ಬಿಸಿಲು ಸಿಗುತ್ತದೆ, ಮೋಡ ಬಿಟ್ಟುಕೊಟ್ಟರೆ. ಪಶ್ಚಿಮದ್ದಕ್ಕೆ ಸಮುದ್ರದ ಕಡೆಯ ಗಾಳಿ, ಎರಚಲು, ಬೇಸಿಗೆಯ ಮಧ್ಯಾಹ್ನದ ಉರಿ ಮೂರೂ ಉಂಟು. ಸೊಪ್ಪಿನ ಗಿಡಗಳಿಗೆ ಪೂರ್ವದ ಬಾಲ್ಕನಿ ಸಿಕ್ಕಿದವರೇ ಭಾಗ್ಯವಂತರು. ಇದರಿಂದ ತಿಳಿದುಕೊಳ್ಳಬೇಕಾದದ್ದು ಇಷ್ಟು: ತುಳಸಿಯಂಥ ಬಿಸಿಲಿನ ಗಿಡಕ್ಕೆ ಇಡೀ ವರ್ಷಕ್ಕೆ ಒಂದೇ ಸ್ಥಳ ಎಂದು ನಿಗದಿ ಮಾಡಬಾರದು. ಎತ್ತಿ ಬೇರೆಡೆ ಇಡುವಷ್ಟೇ ತೂಕದ ಚಟ್ಟಿ ಆರಿಸಬೇಕು.

ತೂಕವನ್ನು ಅಂದಾಜಿಗೆ ಬಿಡಬೇಡಿ. 12 ಇಂಚಿನ ಚಟ್ಟಿಗೆ ಸುಮಾರು 15 ಲೀಟರ್ ಮಣ್ಣು ಹಿಡಿಯುತ್ತದೆ. ಬರೀ ಕೆಂಪು ಮಣ್ಣು ತುಂಬಿಸಿ ನೀರು ಹಾಕಿದರೆ 25 ಕಿಲೋ. ಮೂರರಲ್ಲೊಂದು ಪಾಲು ತೆಂಗಿನ ನಾರಿನ ಹುಡಿ ಬೆರೆಸಿದರೆ 15ರಿಂದ 18. ಬಾಲ್ಕನಿಯ ಚಪ್ಪಡಿಯನ್ನು ಚದರ ಮೀಟರಿಗೆ ಕನಿಷ್ಠ 300 ಕಿಲೋ ಭಾರಕ್ಕೆಂದು ಲೆಕ್ಕ ಹಾಕುವುದು ವಾಡಿಕೆ, ಅದರಲ್ಲಿ ನಿಂತ ಮನುಷ್ಯರೂ ಸೇರಿದ್ದಾರೆ. ಹೊಸ ಕಟ್ಟಡಕ್ಕೆ ಹತ್ತು ಚಟ್ಟಿ ಭಾರವಲ್ಲ. ಆದರೆ ಸಮುದ್ರದ ಉಪ್ಪು ಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಸಿಮೆಂಟು ಉದುರುತ್ತಿರುವ ಹಳೆಯ ಬಾಲ್ಕನಿಯಾದರೆ ಮೊದಲು ಇಂಜಿನಿಯರರಿಗೆ ತೋರಿಸಿ, ಚಟ್ಟಿಯ ಮಾತು ಆಮೇಲೆ. ಭಾರದ್ದನ್ನು ಗೋಡೆಗೆ ಒತ್ತಿ ಇಡಿ, ಹಗುರದ್ದನ್ನು ಕಂಬಿಯ ಕಡೆಗೆ. ನೇತುಹಾಕುವ ಚಟ್ಟಿಗಳು ಕಂಬಿಯ ಒಳಬದಿಗೇ ಇರಲಿ, ಜೂನಿನ ಗಾಳಿಯ ಮೇಲೆ ಯಾವ ಕೊಕ್ಕೆಗೂ ಭರವಸೆ ಇಡುವಂತಿಲ್ಲ. ನಾಲ್ಕಡಿ ಅಗಲದ ಬಾಲ್ಕನಿಯಲ್ಲಿ ನಡೆಯಲು, ಬಟ್ಟೆ ಒಣಗಿಸಲು ಎರಡಡಿ ಬಿಟ್ಟರೆ ಚಟ್ಟಿಗೆ ಉಳಿಯುವುದು ಎರಡಡಿಗಿಂತ ಕಡಿಮೆ. ಎಂಟಡಿ ಉದ್ದಕ್ಕೆ 12 ಇಂಚಿನ ಆರು ಚಟ್ಟಿ, ಮೇಲೊಂದು ಅಂತಸ್ತಿನ ಸ್ಟ್ಯಾಂಡಿನಲ್ಲಿ ನಾಲ್ಕು ಟ್ರೇ. ಅದಕ್ಕಿಂತ ಹೆಚ್ಚು ತುರುಕಿದರೆ ಗಾಳಿಯಾಡದೆ ಎಲೆಗೆ ರೋಗ ಬರುತ್ತದೆ.

ಚಟ್ಟಿಯ ಅಡಿಗೆ ಜಲ್ಲಿಯೋ ಹಂಚಿನ ಚೂರೋ ಒಂದು ಪದರ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಆಗುವುದು ಅದಕ್ಕೆ ತದ್ವಿರುದ್ಧ. ಪಾತ್ರೆ ತೊಳೆಯುವ ಒದ್ದೆ ಸ್ಪಂಜನ್ನು ಅಡ್ಡಕ್ಕೆ ಹಿಡಿದುಕೊಳ್ಳಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ಉದ್ದಕ್ಕೆ ತಿರುಗಿಸಿ. ಮತ್ತೆ ನೀರು ಬೀಳುತ್ತದೆ. ಸ್ಪಂಜು ಅದೇ, ನೀರೂ ಅದೇ, ಬದಲಾದದ್ದು ಎತ್ತರ ಮಾತ್ರ. ಮಣ್ಣಿನ ಸಣ್ಣ ಸಂದುಗಳು ತಳದಲ್ಲಿ ಕೆಲವು ಸೆಂಟಿಮೀಟರ್ ಎತ್ತರದವರೆಗೆ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ತೂತು ಎಷ್ಟೇ ಇದ್ದರೂ ಅದು ಇಳಿಯದು. ಆ ಒದ್ದೆ ಪದರದ ಎತ್ತರವನ್ನು ತೀರ್ಮಾನಿಸುವುದು ಮಣ್ಣು ಎಷ್ಟು ನುಣುಪು ಎಂಬುದು, ಚಟ್ಟಿ ಎಷ್ಟು ಆಳ ಎಂಬುದಲ್ಲ. ಐದು ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. 30 ಸೆಂಟಿಮೀಟರ್ ಆಳದ ಚಟ್ಟಿಯಲ್ಲಿ ಅದು ಆರನೇ ಒಂದು ಪಾಲು, 15 ಸೆಂಟಿಮೀಟರಿನ ಟ್ರೇಯಲ್ಲಿ ಮೂರನೇ ಒಂದು ಪಾಲು. ಜಲ್ಲಿ ಹಾಕಿದಾಗ ಒದ್ದೆ ಪದರ ಜಲ್ಲಿಯ ಮೇಲಕ್ಕೆ ಸರಿಯುತ್ತದೆ, ಬೇರಿಗೆ ಉಳಿಯುವ ಜಾಗ ಇನ್ನೂ ಕಡಿಮೆಯಾಗುತ್ತದೆ. ಜುಲೈ-ಆಗಸ್ಟಿನ ಆಟಿಯ ಜಡಿಮಳೆಯಲ್ಲಿ ಆ ಪದರ ವಾರಗಟ್ಟಲೆ ಒಣಗುವುದೇ ಇಲ್ಲ, ಅಲ್ಲಿ ಸಿಕ್ಕಿಕೊಂಡ ಬೇರಿಗೆ ಗಾಳಿ ಸಿಗುವುದಿಲ್ಲ, ಕೊಳೆಯುತ್ತದೆ. ತೂತಿನಿಂದ ಮಣ್ಣು ಹೋಗದಂತೆ ಒಂದು ತುಂಡು ಸೊಳ್ಳೆಬಲೆ ಇಟ್ಟರೆ ಸಾಕು.

ಒಂದೆಲಗ, ಬ್ರಾಹ್ಮಿ, ಪುದಿನಗಳಿಗೆ ತಗ್ಗು ಟ್ರೇ ಸರಿಹೋಗುವುದಕ್ಕೂ ತುಳಸಿ, ದೊಡ್ಡಪತ್ರೆ, ಕರಿಬೇವು ಆಳದ ಚಟ್ಟಿಯನ್ನೇ ಕೇಳುವುದಕ್ಕೂ ಕಾರಣ ಇದೇ. ಮಳೆಯ ದಿನಗಳಲ್ಲಿ ಚಟ್ಟಿಯನ್ನು ಒಂದು ಬದಿಗೆ ಓರೆಯಾಗಿಟ್ಟರೆ ಎತ್ತರ ಹೆಚ್ಚಾದಂತೆ ಆಗಿ ಸ್ವಲ್ಪ ನೀರು ಹೆಚ್ಚು ಇಳಿಯುತ್ತದೆ. ಗಿಡ ಬಾಡಿ ನಿಂತಾಗ ಮೊದಲು ಮಾಡಬೇಕಾದ ಉಪಾಯ ಅದು. ಪ್ಲಾಸ್ಟಿಕ್ ಚಟ್ಟಿಗಳಲ್ಲಿ ತೂತಿನ ಗುರುತು ಮಾತ್ರ ಇದ್ದು ಕೊರೆದಿರುವುದಿಲ್ಲ, ತಳದಲ್ಲಿ ಐದಾರು ತೂತು ಕೊರೆಯಿರಿ, ಒಂದೊಂದೂ ಕಿರುಬೆರಳು ಹೋಗುವಷ್ಟು. ಬುಡಕ್ಕೆ ಹಂಚಿನ ಮೂರು ಚೂರು ಕೊಟ್ಟು ನೆಲದಿಂದ ಒಂದಿಂಚು ಎತ್ತರಿಸಿ, ಇಲ್ಲದಿದ್ದರೆ ನುಣುಪು ಟೈಲ್ಸ್ ತೂತನ್ನು ಮುಚ್ಚಿಬಿಡುತ್ತದೆ. ಬಾಲ್ಕನಿಯ ನೀರು ಹೋಗುವ ಕಿಂಡಿಗೂ ಒಂದು ಬಲೆ ಬೇಕು. ಕೆಂಪು ನೀರು ಕೆಳಗಿನ ಮನೆಯವರ ಒಗೆದ ಮುಂಡಿನ ಮೇಲೆ ಬಿದ್ದರೆ ತೋಟಗಾರಿಕೆ ಅಲ್ಲಿಗೆ ಮುಗಿಯಿತು.

ಮಣ್ಣಿನ ಪಾಲು ಹೀಗೆ: ಕೆಂಪು ಮಣ್ಣು ಒಂದು, ತೊಳೆದ ನಾರಿನ ಹುಡಿ ಒಂದು, ಹಳೆಯ ಹಟ್ಟಿಗೊಬ್ಬರ ಅಥವಾ ಎರೆಗೊಬ್ಬರ ಒಂದು. ಬೇರು ಕೊಳೆಯುವ ಜಾತಿಗಳಿಗೆ ಇದರ ಮೇಲೆ ಅರ್ಧ ಪಾಲು ದಪ್ಪ ಹೊಯ್ಗೆ, ಅಂದರೆ ಮರಳು. ಕೆಂಪುಕಲ್ಲು ಕೊಯ್ಯುವಾಗ ಬೀಳುವ ಹುಡಿ ಪುಕ್ಕಟೆ ಸಿಗುತ್ತದೆಂದು ತಂದು ತುಂಬಬೇಡಿ, ಒದ್ದೆಯಾದರೆ ಮೇಣ, ಒಣಗಿದರೆ ಇಟ್ಟಿಗೆ. ಸಮುದ್ರದ ಹೊಯ್ಗೆಯಲ್ಲಿ ಉಪ್ಪಿದೆ. ಎಂ-ಸ್ಯಾಂಡಾದರೆ ಜರಡಿ ಹಿಡಿದು ಹುಡಿ ತೆಗೆದು ದಪ್ಪದ್ದನ್ನು ಮಾತ್ರ ಬಳಸಿ. ನಾರಿನ ಹುಡಿಯ ಇಟ್ಟಿಗೆ 650 ಗ್ರಾಮಿನದ್ದು ನೆನೆದರೆ 8-9 ಲೀಟರ್ ಆಗುತ್ತದೆ. ನೆನೆಸಿದ ನೀರನ್ನು ಹಾಗೆಯೇ ಚೆಲ್ಲಿ, ಇನ್ನೆರಡು ಸಲ ತೊಳೆದು ಹಿಂಡಿ. ಮೊದಲ ನೀರು ಚಹಾದ ಬಣ್ಣದಲ್ಲಿರುತ್ತದೆ, ಅದರಲ್ಲಿ ಟ್ಯಾನಿನ್ ಮತ್ತು ಉಪ್ಪು ಎರಡೂ ಹೋಗುತ್ತವೆ. ಗೊಬ್ಬರಕ್ಕೆ ನಮ್ಮೂರಲ್ಲಿ ಬರವಿಲ್ಲ. ಕೂಡ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿ.ಪಿ.ಸಿ.ಆರ್.ಐ.ಯವರು ತೆಂಗಿನ ಗರಿಯನ್ನೇ ಎರೆಹುಳುವಿಗೆ ತಿನ್ನಿಸಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದ್ದಾರೆ, ಅಂಥದ್ದು ಸಿಕ್ಕಿದರೆ ಚಟ್ಟಿಗೆ ಬಹಳ ಒಳ್ಳೆಯದು, ಹಗುರ, ವಾಸನೆಯಿಲ್ಲ.

ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ನೆಲದ ಮಣ್ಣು ಹುಳಿ. ಹತ್ತು ಲೀಟರ್ ಮಿಶ್ರಣಕ್ಕೆ ಒಂದು ದೊಡ್ಡ ಚಮಚ ಡೋಲೋಮೈಟ್ ಹುಡಿ ಬೆರೆಸಿ, ಒದ್ದೆ ಮಾಡಿ, ಎರಡು ವಾರ ಬಿಟ್ಟು ಗಿಡ ನೆಡಿ. ಹಸಿ ಸೆಗಣಿ, ಯೂರಿಯಾಗಳ ಜೊತೆ ಸುಣ್ಣ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಈ ಎರಡು ವಾರ ಅವು ಬೇಡ. ಮಿಶ್ರಣ ಸರಿಯಾಯಿತೇ ಎಂದು ನೋಡಲು ಚಟ್ಟಿ ತುಂಬಿಸಿ, ಪೂರ್ತಿ ನೆನೆಸಿ, ಸೋರಿ ನಿಂತ ಮೇಲೆ ಮತ್ತೊಂದು ಲೀಟರ್ ಸುರಿಯಿರಿ. ಒಂದು ನಿಮಿಷದೊಳಗೆ ತಳದಿಂದ ನೀರು ಬರಲು ತೊಡಗಬೇಕು. ಮೇಲೆ ಕೆರೆಯಂತೆ ನಿಂತರೆ ಇನ್ನಷ್ಟು ಹೊಯ್ಗೆ ಬೇಕು.

ಗಿಡಗಳಲ್ಲಿ ದೊಡ್ಡಪತ್ರೆಯಷ್ಟು ಉಪಕಾರಿ ಮತ್ತೊಂದಿಲ್ಲ. ಗೇಣುದ್ದದ ಕಡ್ಡಿಯ ಕೆಳಗಿನ ಎಲೆ ತೆಗೆದು ಚುಚ್ಚಿದರೆ ಎರಡು ವಾರದಲ್ಲಿ ಬೇರು. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡವಾದ್ದರಿಂದ ಬೇಸಿಗೆಯಲ್ಲಿ ಎರಡು ದಿನ ಮರೆತರೂ ಬದುಕುತ್ತದೆ, ಮಳೆಯಲ್ಲಿ ಎರಡು ವಾರ ನೆನೆದರೆ ಬುಡ ಕಪ್ಪಾಗಿ ಮೆತ್ತಗಾಗಿ ಬೀಳುತ್ತದೆ. ಬುಡ ಕಪ್ಪಾದದ್ದು ಉಳಿಯುವುದಿಲ್ಲ, ತುದಿಯ ಹಸಿರು ಕಡ್ಡಿಯನ್ನು ಕತ್ತರಿಸಿ ಹೊಸ ಮಣ್ಣಿಗೆ ಚುಚ್ಚುವುದೊಂದೇ ದಾರಿ. ಮೇ ತಿಂಗಳಲ್ಲೇ ನಾಲ್ಕು ಕಡ್ಡಿಯನ್ನು ಒಳಗಿನ ಕಿಟಕಿಯ ಬಳಿ ಬೇರೆ ಮಾಡಿಟ್ಟರೆ ನೆಮ್ಮದಿ.

ಪುದಿನವನ್ನು ನರ್ಸರಿಯಿಂದ ತರಬೇಕಾಗಿಲ್ಲ. ಅಂಗಡಿಯ ಕಟ್ಟಿನಲ್ಲಿ ದಪ್ಪ ದಂಟು ಆರಿಸಿ ನೀರಿನ ಲೋಟದಲ್ಲಿಟ್ಟರೆ ಒಂದು ವಾರ, ಹತ್ತು ದಿನದಲ್ಲಿ ಬೇರು ಬಿಡುತ್ತದೆ. ಅಗಲ ಟ್ರೇ, ಅರೆನೆರಳು, ಸದಾ ತೇವ. ಅದು ನೆಲದಡಿಯಲ್ಲಿ ಓಡುವ ಗಿಡ. ಟ್ರೇಯ ಅಂಚಿಗೆ ತಲುಪಿದ ಮೇಲೆ ನಡುವೆ ಬೋಳಾಗುತ್ತದೆ, ಆರು ತಿಂಗಳಿಗೊಮ್ಮೆ ಕಿತ್ತು ಎಳೆ ಬಳ್ಳಿಯನ್ನು ಮಾತ್ರ ಮರಳಿ ನೆಡಬೇಕು. ಬೇರೆ ಯಾವ ಗಿಡದ ಜೊತೆಗೂ ಅದನ್ನು ಹಾಕಬೇಡಿ, ಎಲ್ಲವನ್ನೂ ನುಂಗುತ್ತದೆ.

ಕೊತ್ತಂಬರಿಯ ಬಗ್ಗೆ ಸುಳ್ಳು ಆಸೆ ಹುಟ್ಟಿಸುವವರು ಜಾಸ್ತಿ. ಕರಾವಳಿಯ ಸೆಕೆಗೆ ಅದು ನಾಲ್ಕು ಎಲೆ ಬರುವಷ್ಟರಲ್ಲಿ ಹೂ ಬಿಡಲು ಓಡುತ್ತದೆ, ಮಳೆಗಾಲದಲ್ಲಿ ಮೊಳಕೆಯ ಬುಡವೇ ಕೊಳೆಯುತ್ತದೆ. ಇಲ್ಲಿ ಅದಕ್ಕೆ ಇರುವುದು ಅಕ್ಟೋಬರ್ ಕೊನೆಯಿಂದ ಜನವರಿವರೆಗಿನ ಒಂದೇ ಕಿಟಕಿ. ಕಾಳನ್ನು ಎರಡು ಹೋಳಾಗುವಂತೆ ಉಜ್ಜಿ, ಒಂದು ರಾತ್ರಿ ನೆನೆಸಿ, ನೇರವಾಗಿ ಚಟ್ಟಿಗೇ ಬಿತ್ತಿ, ಕಿತ್ತು ನೆಟ್ಟರೆ ಅದಕ್ಕೆ ಆಗುವುದಿಲ್ಲ. ಹತ್ತು ದಿನಕ್ಕೆ ಮೊಳಕೆ, ನಲವತ್ತು ದಿನಕ್ಕೆ ಕೊಯ್ಲು. ಹದಿನೈದು ದಿನಕ್ಕೊಂದು ಚಟ್ಟಿ ಬಿತ್ತುತ್ತ ಹೋದರೆ ಸಾಲು ಕಡಿಯದು. ಉಳಿದ ತಿಂಗಳುಗಳಿಗೆ ನರ್ಸರಿಯಲ್ಲಿ ಆಫ್ರಿಕನ್ ಮಲ್ಲಿ ಎಂದು ಸಿಗುವ, ಎಲೆಯ ಅಂಚು ಗರಗಸದಂತಿರುವ ಗಿಡವೇ ಗತಿ. ವಾಸನೆ ಕೊತ್ತಂಬರಿಯದೇ, ಇನ್ನೂ ಖಾರ. ನೆರಳನ್ನೂ ಮಳೆಯನ್ನೂ ಸಹಿಸುತ್ತದೆ. ನಡುವಿನಿಂದ ಹೂವಿನ ದಂಟು ಎದ್ದ ಕೂಡಲೇ ಚಿವುಟಬೇಕು. ಸಾರಿಗೆ ಎರಡು ಎಲೆ ಸಾಕು. ಸಾಮಾನ್ಯ ಕೊತ್ತಂಬರಿಗಾಗಿ ವರ್ಷವಿಡೀ ಒದ್ದಾಡುವುದಕ್ಕಿಂತ ಇದನ್ನು ಅಭ್ಯಾಸ ಮಾಡಿಕೊಳ್ಳುವುದು ಜಾಣತನ.

ಕರಿಬೇವಿಗೆ 16-18 ಇಂಚಿನ ಚಟ್ಟಿ ಬೇಕು. ಮೊದಲ ವರ್ಷ ಕೊಯ್ಯುವ ಯೋಚನೆ ಬಿಡಿ. ಮೊಣಕಾಲೆತ್ತರಕ್ಕೆ ಬಂದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಎಲೆಯನ್ನು ಒಂದೊಂದಾಗಿ ಕೀಳದೆ ಎಸಳನ್ನೇ ಬುಡದಿಂದ ತೆಗೆಯಬೇಕು. ಚಿಗುರು ತಿನ್ನುವ ಹಸಿರು ಹುಳು ನಿಂಬೆ ಚಿಟ್ಟೆಯದ್ದು, ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಕೈಯಲ್ಲೇ ತೆಗೆದರೆ ಮುಗಿಯಿತು. ಮಜ್ಜಿಗೆಹುಲ್ಲಿಗೆ ಒಂದು 14 ಇಂಚಿನ ಚಟ್ಟಿ ಮೀಸಲಿಡಿ, ವರ್ಷಕ್ಕೊಮ್ಮೆ ಬುಡ ಒಡೆದು ಅರ್ಧ ಹಂಚಿಬಿಡಿ, ಇಲ್ಲವಾದರೆ ಬೇರು ತೆಳು ಪ್ಲಾಸ್ಟಿಕ್ಕನ್ನು ಸೀಳುತ್ತದೆ. ತುಳಸಿಯ ಮಂಜರಿ ಆಗಾಗ ಚಿವುಟುತ್ತಿರಿ. ಗ್ರೋ ಬ್ಯಾಗ್ ಒಂದೆರಡು ಇದ್ದರೆ ವಿಷು ಕಳೆದ ಮೇಲೆ ಮಾವಿನಶುಂಠಿ ಹುಗಿಯಿರಿ. ಇಂಚುದ್ದದ ಮೊಳಕೆಯ ತುಂಡು ಸಾಕು, ಎಲೆ ಒಣಗುವ ಡಿಸೆಂಬರ್-ಜನವರಿಗೆ ಅಗೆಯಬಹುದು.

ಮೇ 24-25ರ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಚಟ್ಟಿಗಳೂ ಜಾಗ ಬದಲಿಸಿರಬೇಕು. ಕಾಸರಗೋಡಿನ ತಾರಸಿಗಳ ಮೇಲೆ ಈಗ ಎಲ್ಲೆಲ್ಲೂ ಇರುವ ಶೀಟಿನ ಮಾಡು ಇದಕ್ಕೆ ದೊಡ್ಡ ಅನುಕೂಲ. ತುಳಸಿ, ದೊಡ್ಡಪತ್ರೆ, ಕರಿಬೇವು ಶೀಟಿನಡಿಗೆ, ಅಂಚಿನಿಂದ ಒಂದು ಮಾರು ಒಳಗೆ. ಅಂಚಿನಲ್ಲೇ ಇಟ್ಟರೆ ಶೀಟಿನ ನೀರು ಧಾರೆಯಾಗಿ ಬಿದ್ದು ಮಣ್ಣನ್ನೇ ಗುಂಡಿ ತೋಡುತ್ತದೆ. ಒಂದೆಲಗ, ಆಫ್ರಿಕನ್ ಮಲ್ಲಿ, ಮಜ್ಜಿಗೆಹುಲ್ಲು ಬಯಲಲ್ಲಿರಲಿ. ಅಡಿತಟ್ಟೆಗಳನ್ನೆಲ್ಲ ತೆಗೆದು ಕವುಚಿಡಿ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಡೆಂಗಿ ಹರಡುವ ಈಡಿಸ್‌ಗೆ ವಾರ, ಹತ್ತು ದಿನ ಸಾಕು, ವಾರಕ್ಕೊಮ್ಮೆ ನಿಂತ ನೀರು ಚೆಲ್ಲುವ ಆರೋಗ್ಯ ಇಲಾಖೆಯವರ ಡ್ರೈ ಡೇ ಲೆಕ್ಕ ಚಟ್ಟಿಗಳಿಗೂ ಸೇರಿದ್ದು. ಮಳೆ ಜೋರಿದ್ದಾಗ ಗೊಬ್ಬರ ಹಾಕುವುದು ದುಡ್ಡನ್ನು ಚರಂಡಿಗೆ ಸುರಿದಂತೆ. ಆಗಸ್ಟ್-ಸೆಪ್ಟೆಂಬರಿನ ಸೋಣ ತಿಂಗಳಲ್ಲಿ ಮಳೆ ಬಿಡುವು ಕೊಟ್ಟಾಗ ಚಟ್ಟಿಗೆ ಒಂದು ಹಿಡಿ ಎರೆಗೊಬ್ಬರ, ಜೊತೆಗೆ ಎರಡು ಚಮಚ ಬೇವಿನ ಹಿಂಡಿ. ಕಡಲೆ ಹಿಂಡಿ ನೆನೆಸಿದ ನೀರು ಒಳ್ಳೆಯ ಗೊಬ್ಬರ ಹೌದು, 100 ಗ್ರಾಂ ಒಂದು ಲೀಟರಿಗೆ ಎರಡು ದಿನ ನೆನೆಸಿ ಹತ್ತು ಪಾಲು ನೀರು ಬೆರೆಸಿ ಹಾಕುವುದು. ಆದರೆ ಅದರ ನಾತ ಫ್ಲ್ಯಾಟಿನವರಿಗೆ ಹೇಳಿಸಿದ್ದಲ್ಲ.

ಮಳೆ ನಿಂತ ಮೇಲಿನ ಶತ್ರು ಉಪ್ಪು. ಬಾವಿಕ್ಕರೆಯಲ್ಲಿ ಅಣೆಕಟ್ಟು ಆಗುವ ಮೊದಲು ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಗೆ ಸಮುದ್ರದ ನೀರು ನುಗ್ಗಿ ಕಾಸರಗೋಡು ಪೇಟೆಯ ನಲ್ಲಿಯಲ್ಲೂ ಉಪ್ಪುನೀರು ಬರುತ್ತಿತ್ತು. ತೀರದ ಬಾವಿಗಳಲ್ಲಿ ಮಾರ್ಚ್ ಕಳೆದ ಮೇಲೆ ಈಗಲೂ ನೀರಿನ ರುಚಿ ಬದಲಾಗುವುದುಂಟು. ಒಳನಾಡಿನಲ್ಲಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಸಿಗುವವರಿಗೆ ಈ ತಲೆಬಿಸಿ ಇಲ್ಲ. ಉಪ್ಪು ಹೆಚ್ಚಾದ ಗುರುತು ಎಲೆಯ ತುದಿ, ಅಂಚು ಕಂದಾಗಿ ಸುಡುವುದು, ಚಟ್ಟಿಯ ಬಾಯಿಗೆ ಬಿಳಿ ಪೊರೆ ಕಟ್ಟುವುದು. ಗೊಬ್ಬರ ಕಡಿಮೆಯಾಯಿತೆಂದು ಮತ್ತಷ್ಟು ಹಾಕಿದರೆ ಇನ್ನೂ ಸುಡುತ್ತದೆ. ಹದಿನೈದು ದಿನಕ್ಕೊಮ್ಮೆ ಒಳ್ಳೆಯ ನೀರನ್ನು, ಮಣ್ಣಿನಷ್ಟೇ ಅಳತೆಯಲ್ಲಿ, ನಿಧಾನವಾಗಿ ಸುರಿದು ತಳದಿಂದ ಹರಿಯಬಿಡಿ. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ, ಆ ಕೆಲಸಕ್ಕೆ ಆಗುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರು ಮಾತ್ರ ಬೇಡವೇ ಬೇಡ, ಸೋಸಿದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ 12 ಇಂಚಿನ ಚಟ್ಟಿ ದಿನಕ್ಕೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಬೆಳಿಗ್ಗೆ ಏಳರೊಳಗೆ ಹಾಕಿ. ಕಪ್ಪು ಗ್ರೋ ಬ್ಯಾಗಿನ ಪಶ್ಚಿಮ ಬದಿಗೆ ಒಂದು ಅಡಿಕೆ ಹಾಳೆ ಸುತ್ತಿ ಕಟ್ಟಿದರೆ ಬೇರು ಬೇಯುವುದಿಲ್ಲ, ಮೇಲೆ ಎರಡಿಂಚು ತೆಂಗಿನ ನಾರು ಮುಚ್ಚಿ.

ಹಿಟ್ಟು ತಿಗಣೆ ಬರುವುದು ಈ ಒಣ ತಿಂಗಳುಗಳಲ್ಲಿ, ತುಳಸಿಗೆ ಮೊದಲು. ಇರುವೆ ಸಾಲು ಕಂಡರೆ ಅದರ ಹಿಂದೆ ತಿಗಣೆ ಉಂಟೆಂದೇ ಲೆಕ್ಕ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಅದು ಬೆರೆಯುವಷ್ಟು ಸೋಪಿನ ದ್ರಾವಣ, ಸಂಜೆ ಹೊತ್ತು ಎಲೆಯಡಿಗೆ ಸಿಂಪಡಿಸಿ, ಒಂದು ವಾರ ಕೊಯ್ಯಬೇಡಿ. ಅದಕ್ಕಿಂತ ಬಲವಾದ ಔಷಧ ಬೇಕೆಂದು ಅಂಗಡಿಗೆ ಹೋಗುವ ಮನಸ್ಸಾದರೆ ಗಿಡವನ್ನೇ ಬುಡಕ್ಕೆ ಕತ್ತರಿಸಿ ಎಸೆಯುವುದು ಮೇಲು. ಹಸಿಯಾಗಿ ಅರೆದು ಮಜ್ಜಿಗೆಗೆ ಹಾಕುವ ಎಲೆ ಇದು, ಅದೂ ಎಂಡೋಸಲ್ಫಾನ್ ಸಿಂಪಡಣೆಯ ಫಲ ಉಂಡ ಜಿಲ್ಲೆಯಲ್ಲಿ. ಮಳೆಗಾಲದಲ್ಲಿ ಬರುವ ಆಫ್ರಿಕನ್ ಬಸವನಹುಳುವಿಗೆ ಉಪ್ಪು ಹಾಕುವವರು ಚಟ್ಟಿಯಿಂದ ದೂರ ಒಯ್ದು ಹಾಕಲಿ. ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ಅದು ಹರಿದಾಡಿದ ಎಲೆಯನ್ನು ಹಸಿಯಾಗಿ ತಿನ್ನಲೂಬಾರದು.

ಒಂದು ಚಟ್ಟಿಯ ಮಣ್ಣು ಎರಡು ಮಳೆಗಾಲಕ್ಕೆ ಬರುತ್ತದೆ. ಅಷ್ಟರಲ್ಲಿ ನಾರಿನ ಹುಡಿ ಕರಗಿ ನುಣುಪಾಗಿ ಒದ್ದೆ ಪದರ ಎತ್ತರವಾಗುತ್ತದೆ, ಮಣ್ಣಿನ ಮಟ್ಟ ಚಟ್ಟಿಯ ಬಾಯಿಯಿಂದ ನಾಲ್ಕು ಬೆರಳು ಕೆಳಗಿಳಿದಿರುತ್ತದೆ. ಡಿಸೆಂಬರ್-ಜನವರಿಯ ಬಿಸಿಲಿಗೆ ಅದನ್ನು ತಾರಸಿಯಲ್ಲಿ ತೆಳುವಾಗಿ ಹರಡಿ, ಬೇರು ಆರಿಸಿ, ಹತ್ತು ದಿನ ಒಣಗಿಸಿ. ಮೂರು ಪಾಲಿಗೆ ಒಂದು ಪಾಲು ಹೊಸ ಗೊಬ್ಬರ, ಅರ್ಧ ಪಾಲು ಹೊಯ್ಗೆ, ಮತ್ತೆ ಅದೇ ಚಮಚ ಡೋಲೋಮೈಟ್. ಬುಡ ಕೊಳೆತು ಸತ್ತ ಗಿಡದ ಮಣ್ಣನ್ನು ಮಾತ್ರ ಇದಕ್ಕೆ ಸೇರಿಸದೆ ತೆಂಗಿನ ಕಟ್ಟೆಗೆ ಸುರಿದುಬಿಡಿ.